ಕಿಡ್ನಿ ತೊಂದರೆ ಇರುವ ಗರ್ಭಿಣಿ: ಗಲ್ಫ್‌ನಲ್ಲಿ ಚಿಕಿತ್ಸೆ, ವಿಮೆ ಮತ್ತು ಊರಿನ ದಾರಿ

ಮೂರು ತಿಂಗಳ ಗರ್ಭಿಣಿಯ ಲ್ಯಾಬ್ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಎದುರು 80 ಎಂದು ಬಂದಿದೆ ಎಂದುಕೊಳ್ಳೋಣ. ಪಕ್ಕದಲ್ಲಿ ನಕ್ಷತ್ರದ ಗುರುತಿಲ್ಲ, ಕೆಂಪು ಅಕ್ಷರವೂ ಇಲ್ಲ. ಹಲವು ಲ್ಯಾಬ್‌ಗಳ ಪಟ್ಟಿಯಲ್ಲಿ ಹೆಂಗಸರಿಗೆ ಇದು ನಾರ್ಮಲ್. ಗಂಡ ರಿಪೋರ್ಟ್ ಮಡಚಿ ಫೈಲಿಗೆ ಹಾಕುತ್ತಾನೆ, ಊರಿಗೆ ಫೋನ್ ಮಾಡಿ "ಎಲ್ಲ ಸರಿ ಇದೆಯಂತೆ" ಅನ್ನುತ್ತಾನೆ.

ಆದರೆ ಆ ಪಟ್ಟಿ ಗರ್ಭಿಣಿಯರದ್ದಲ್ಲ. ಬಸಿರಿನಲ್ಲಿ ಕಿಡ್ನಿಗಳು ಮಾಮೂಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಕೆಲಸ ಮಾಡುತ್ತವೆ. ಹಾಗಾಗಿ ರಕ್ತದಲ್ಲಿನ ಕ್ರಿಯಾಟಿನಿನ್ ಇಳಿಯಬೇಕು. ಇಳಿಯದೆ ಇದ್ದಲ್ಲೇ ಇದ್ದರೆ, ಅಥವಾ ಏರಿದರೆ, ಅದೇ ಒಂದು ಸೂಚನೆ. ಬ್ರಿಟನ್ನಿನ ಕಿಡ್ನಿ ತಜ್ಞರ ಮಾರ್ಗಸೂಚಿ ಗರ್ಭಿಣಿಗೆ 77 ಮೈಕ್ರೋಮೋಲ್ ದಾಟಿದರೆ ಅದನ್ನು ಸಹಜ ಎಂದು ಪರಿಗಣಿಸಬಾರದು ಎನ್ನುತ್ತದೆ. 80 ಅಂದರೆ ಆಗಲೇ ಗೆರೆ ದಾಟಿದೆ.

ಇನ್ನೊಂದು ಗೊಂದಲ ಅಳತೆಯದ್ದು. ಊರಿನ ಲ್ಯಾಬ್ 0.7 ಅಥವಾ 0.9 ಎಂದು ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತದೆ. ಗಲ್ಫ್‌ನ ಲ್ಯಾಬ್‌ಗಳು ಹೆಚ್ಚಾಗಿ ಮೈಕ್ರೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಊರಿನ ಅಂಕಿಯನ್ನು 88.4ರಿಂದ ಗುಣಿಸಿದರೆ ಇಲ್ಲಿನ ಅಂಕಿ ಸಿಗುತ್ತದೆ. ಮದುವೆಗೆ ಮುಂಚೆ ಮಂಗಳೂರಿನಲ್ಲೋ ಹಾಸನದಲ್ಲೋ 0.7 ಇದ್ದವಳದ್ದು ಇಲ್ಲಿ 62. ಅದೇ ಹೆಂಗಸಿಗೆ ಬಸಿರಿನಲ್ಲಿ 80 ಬಂದರೆ ಅದು ಊರಿನ ಲೆಕ್ಕದಲ್ಲಿ 0.9. ಇಳಿಯಬೇಕಾದದ್ದು ಏರಿದೆ. ಎರಡೂ ಕಾಗದ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಮಾತ್ರ ಇದು ಕಾಣುತ್ತದೆ. ಆದರೆ ಒಂದು ಕಾಗದ ಊರಿನ ಕಪಾಟಿನಲ್ಲಿ ಇರುತ್ತದೆ, ಇನ್ನೊಂದು ಶಾರ್ಜಾದ ಫ್ಲಾಟ್‌ನಲ್ಲಿ.

ಕಾಯಿಲೆ ಇದ್ದರೆ ಬಸಿರೇ ಬೇಡವೇ?

ಹಾಗೇನಿಲ್ಲ. ಕಿಡ್ನಿ ಕಾಯಿಲೆ ಆರಂಭದ ಹಂತದಲ್ಲಿದ್ದು, ಬಿಪಿ ಹತೋಟಿಯಲ್ಲಿದ್ದು, ಮೂತ್ರದಲ್ಲಿ ಪ್ರೋಟೀನ್ ಕಡಿಮೆ ಇದ್ದರೆ ಹೆಚ್ಚಿನವರ ಹೆರಿಗೆ ಸುಸೂತ್ರವಾಗಿಯೇ ಆಗುತ್ತದೆ. ಕಾಯಿಲೆಯ ಹಂತ ಮುಂದುವರಿದಷ್ಟೂ ಅಪಾಯ ಹೆಚ್ಚು: ಬಿಪಿ ಏರುವ ಪ್ರೀ-ಎಕ್ಲಾಂಪ್ಸಿಯಾ, ತಿಂಗಳು ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆ ಆಗುವುದು, ತಾಯಿಯ ಕಿಡ್ನಿ ಇನ್ನಷ್ಟು ಕುಗ್ಗುವುದು. ಕುಗ್ಗಿದ್ದು ಹೆರಿಗೆಯ ನಂತರ ಕೆಲವರಲ್ಲಿ ಮೇಲೇರುತ್ತದೆ, ಕೆಲವರಲ್ಲಿ ಏರುವುದೇ ಇಲ್ಲ.

ಕಾಯಿಲೆ ಇದೆ ಎಂದೇ ಗೊತ್ತಿಲ್ಲದವರೂ ಬಹಳ. ಕಿಡ್ನಿ ನೋವು ಕೊಡದೆ ಸವೆಯುತ್ತದೆ. ಮೊದಲ ಭೇಟಿಯ ಮೂತ್ರ ಪರೀಕ್ಷೆ ಮತ್ತು ಬಿಪಿ ಅಳತೆಯಲ್ಲೇ ಅದು ಮೊದಲು ಸಿಕ್ಕಿಬೀಳುವುದುಂಟು. ಇಪ್ಪತ್ತು ವಾರಕ್ಕಿಂತ ಮೊದಲೇ ಬಿಪಿ ಹೆಚ್ಚಿದ್ದರೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅದು ಬಸಿರಿನಿಂದ ಬಂದದ್ದಲ್ಲ, ಮೊದಲೇ ಇದ್ದದ್ದು ಎಂದು ವೈದ್ಯರು ಸಂಶಯಪಡುತ್ತಾರೆ. ಈ ಅವಧಿಯಲ್ಲಿ ಇನ್ನೊಂದು ಸರಳ ಕ್ರಮವೂ ಇದೆ. ಕಿಡ್ನಿ ಕಾಯಿಲೆ ಇರುವ ಗರ್ಭಿಣಿಗೆ ಸುಮಾರು 12ನೇ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದು ರೂಢಿ, ಪ್ರೀ-ಎಕ್ಲಾಂಪ್ಸಿಯಾದ ಅಪಾಯ ತಗ್ಗಿಸಲು. 16 ವಾರದೊಳಗೆ ಶುರು ಮಾಡಿದರೆ ಪ್ರಯೋಜನ ಹೆಚ್ಚು. ಮಾತ್ರೆಯ ಬೆಲೆ ಕೆಲವೇ ದಿರ್ಹಂ. ಆದರೆ "ಐದು ತಿಂಗಳಾಗಲಿ, ಆಮೇಲೆ ಡಾಕ್ಟರ್ ಹತ್ರ ಹೋಗೋಣ" ಎಂದು ಕೂತವರಿಗೆ ಈ ಅವಕಾಶ ತಪ್ಪಿಹೋಗುತ್ತದೆ.

ಊರಿಂದ ಬಂದ ಮಾತ್ರೆ ಡಬ್ಬಿ

ಗಲ್ಫ್‌ನಲ್ಲಿ ಬಿಪಿ, ಶುಗರ್ ಮಾತ್ರೆಗಳು ದುಬಾರಿ ಎಂದು ಊರಿಂದ ಬರುವವರ ಕೈಲಿ ಆರು ತಿಂಗಳಿಗಾಗುವಷ್ಟು ತರಿಸಿಕೊಳ್ಳುವ ಮನೆಗಳು ಬೇಕಾದಷ್ಟಿವೆ. ಚೀಟಿ ಯಾವ ಕಾಲದ್ದೋ, ಡಾಕ್ಟರನ್ನು ನೋಡಿ ವರ್ಷವೇ ಆಗಿರುತ್ತದೆ, ಮಾತ್ರೆ ಮಾತ್ರ ನಡೆಯುತ್ತಿರುತ್ತದೆ. ಅಪಾಯ ಇರುವುದು ಇಲ್ಲೇ. ಕಿಡ್ನಿ ರೋಗಿಗಳಿಗೆ ಸಾಮಾನ್ಯವಾಗಿ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್, ಟೆಲ್ಮಿಸಾರ್ಟನ್, ಲೊಸಾರ್ಟನ್ ಮುಂತಾದವು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೇ ಹಾನಿ ಮಾಡಬಲ್ಲವು, ಅದರಲ್ಲೂ ಮೂರು ತಿಂಗಳ ನಂತರ. ಬದಲಿಗೆ ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಎಂಬ ಮಾತ್ರೆಗಳಿವೆ. ಯಾವುದನ್ನೂ ತಾವಾಗಿ ನಿಲ್ಲಿಸುವುದೂ ತಪ್ಪು, ಏಕೆಂದರೆ ಬಿಪಿ ಏಕಾಏಕಿ ಏರಿದರೆ ಅದೂ ಅಪಾಯವೇ. ಬಸಿರು ನಿಂತಿದೆ ಎಂದು ಗೊತ್ತಾದ ದಿನವೇ ಮಾತ್ರೆಗಳ ಫೋಟೋ ತೆಗೆದು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಬಸಿರಿಗೆ ಮುಂಚೆಯೇ ತೋರಿಸಿದರೆ ಇನ್ನೂ ಒಳ್ಳೆಯದು.

ಕಿಡ್ನಿ ಕಸಿ ಮಾಡಿಸಿಕೊಂಡವರು, ಲೂಪಸ್ ಕಾಯಿಲೆಯವರು ತೆಗೆದುಕೊಳ್ಳುವ ಮೈಕೋಫಿನೊಲೇಟ್ ಇನ್ನೂ ಗಂಭೀರ. ಅದು ಮಗುವಿನ ಅಂಗಗಳಲ್ಲಿ ದೋಷ ಉಂಟುಮಾಡಬಲ್ಲದು. ಬಸಿರಿಗೆ ಕನಿಷ್ಠ ಆರು ವಾರ ಮೊದಲು ವೈದ್ಯರೇ ಅದನ್ನು ನಿಲ್ಲಿಸಿ ಅಜಾಥಯೋಪ್ರಿನ್‌ನಂಥ ಬೇರೆ ಮದ್ದಿಗೆ ಬದಲಾಯಿಸಬೇಕು. ಮೈಕೈ ನೋವಿಗೆ ಫಾರ್ಮಸಿಯಲ್ಲಿ ಸುಲಭವಾಗಿ ಸಿಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ಕಿಡ್ನಿ ಕಾಯಿಲೆಯವರಿಗೆ ಬಸಿರಿದ್ದರೂ ಇಲ್ಲದಿದ್ದರೂ ಸಲ್ಲದು.

ವಿಮೆ: ಎಮಿರೇಟ್ ಬದಲಾದರೆ ಲೆಕ್ಕ ಬದಲು

ಗಲ್ಫ್‌ನ ದೊಡ್ಡ ಊರುಗಳಲ್ಲಿ ತಜ್ಞರಿಗೆ ಕೊರತೆ ಇಲ್ಲ. ದುಬೈನಲ್ಲಿ ಲತೀಫಾ, ಅಬುಧಾಬಿಯಲ್ಲಿ ಕಾರ್ನಿಶ್, ದೋಹಾದಲ್ಲಿ ಹಮದ್ ಸಂಸ್ಥೆಯ ಮಹಿಳಾ ಆಸ್ಪತ್ರೆ, ಮಸ್ಕತ್‌ನಲ್ಲಿ ರಾಯಲ್ ಹಾಸ್ಪಿಟಲ್ ಇವೆ. ಕಷ್ಟ ಇರುವುದು ಆ ಬಾಗಿಲವರೆಗೆ ತಲುಪುವುದರಲ್ಲಿ, ಮತ್ತೆ ಬಿಲ್ ಕಟ್ಟುವುದರಲ್ಲಿ.

ದುಬೈನ 2013ರ 11ನೇ ಕಾನೂನಿನಂತೆ ಕಂಪನಿ ತನ್ನ ನೌಕರನಿಗೆ ವಿಮೆ ಕೊಡಲೇಬೇಕು. ಹೆಂಡತಿ ಮಕ್ಕಳದ್ದು ಸ್ಪಾನ್ಸರ್ ಮಾಡಿದ ಗಂಡನ ಜವಾಬ್ದಾರಿ. ಅಬುಧಾಬಿಯ 2005ರ 23ನೇ ಕಾನೂನು ಬೇರೆ ರೀತಿ: ಅಲ್ಲಿ ಹೆಂಡತಿ ಮತ್ತು 18 ವರ್ಷದೊಳಗಿನ ಮೂರು ಮಕ್ಕಳ ವಿಮೆಯನ್ನೂ ಕಂಪನಿಯ ಮೇಲೆ ಹಾಕಿತು. ಒಂದೇ ಸಂಬಳದ ಇಬ್ಬರು ಸೇಲ್ಸ್‌ಮನ್‌ಗಳಲ್ಲಿ ಮುಸಫಾದವನಿಗೆ ಕಂಪನಿ ಕೊಟ್ಟದ್ದನ್ನು ದೇರಾದವನು ಜೇಬಿನಿಂದ ಕೊಳ್ಳಬೇಕಾಗುತ್ತದೆ. ಕೊಳ್ಳುವಾಗ ಅಗ್ಗದ್ದನ್ನೇ ಕೊಳ್ಳುತ್ತಾನೆ, ಅದು ಸಹಜ. ಶಾರ್ಜಾ, ಅಜ್ಮಾನ್, ಫುಜೈರಾ ಮೊದಲಾದ ಉತ್ತರದ ಎಮಿರೇಟ್‌ಗಳಲ್ಲಿ ಖಾಸಗಿ ಕಂಪನಿ ನೌಕರರಿಗೂ ಮನೆಗೆಲಸದವರಿಗೂ ವಿಮೆ ಕಡ್ಡಾಯವಾದದ್ದು 2025ರ ಜನವರಿ 1ರಿಂದ. ಅಲ್ಲಿನ ಮೂಲ ಪ್ಯಾಕೇಜ್ ವರ್ಷಕ್ಕೆ 320 ದಿರ್ಹಂನಿಂದ ಶುರು.

ದುಬೈನ ಅಗ್ಗದ ಪಾಲಿಸಿ ಎಂದರೆ ಎಸೆನ್ಷಿಯಲ್ ಬೆನಿಫಿಟ್ಸ್ ಪ್ಲಾನ್. ವಾರ್ಷಿಕ ಮಿತಿ 1,50,000 ದಿರ್ಹಂ ಎಂಬುದನ್ನಷ್ಟೇ ನೋಡಿ ಸಮಾಧಾನಪಡುವವರು ಹೆರಿಗೆಯ ಸಾಲನ್ನು ಓದುವುದಿಲ್ಲ. ಮೂಲ ಪಟ್ಟಿಯಂತೆ ಸಾಮಾನ್ಯ ಹೆರಿಗೆಗೆ 7,000, ಸಿಸೇರಿಯನ್ ಅಥವಾ ತೊಡಕಿನ ಹೆರಿಗೆಗೆ 10,000 ದಿರ್ಹಂ. ಅದರಲ್ಲೇ ರೋಗಿಯ 10% ಪಾಲೂ ಸೇರಿದೆ. ಬಸಿರಿನ ತಪಾಸಣೆಗೆ ಎಂಟು ಭೇಟಿ, ಮೂರು ಸ್ಕ್ಯಾನ್. ಆರೋಗ್ಯವಂತ ಗರ್ಭಿಣಿಗೆ ಇದು ಸಾಕಾಗಬಹುದು. ಕಿಡ್ನಿ ಕಾಯಿಲೆ ಇದ್ದವಳು ಎರಡು ಮೂರು ವಾರಕ್ಕೊಮ್ಮೆ ವೈದ್ಯರನ್ನು ಕಾಣಬೇಕು. ಕೊನೆಯ ತಿಂಗಳುಗಳಲ್ಲಿ ಮಗುವಿನ ಬೆಳವಣಿಗೆ ನೋಡಲು ಪದೇ ಪದೇ ಸ್ಕ್ಯಾನ್ ಆಗಬೇಕು. ಎಂಟು ಭೇಟಿ ಆರನೇ ತಿಂಗಳಿಗೇ ಮುಗಿದರೂ ಆಶ್ಚರ್ಯವಿಲ್ಲ.

ಸಿಸೇರಿಯನ್ ಬಿಲ್ 16,000 ದಿರ್ಹಂ ಆಯಿತು ಎಂದು ಲೆಕ್ಕ ಹಾಕಿದರೆ ವಿಮೆಯಿಂದ ಸಿಗುವುದು 9,000. ಉಳಿದ 7,000 ಗಂಡನ ಪಾಲು. ಕುಟುಂಬ ವೀಸಾಕ್ಕೆ ಯುಎಇಯಲ್ಲಿ ಕೇಳುವ ಕನಿಷ್ಠ ಸಂಬಳ 4,000 ದಿರ್ಹಂ, ಕಂಪನಿ ವಸತಿ ಇದ್ದರೆ 3,000. ಅಂದರೆ ಸುಮಾರು ಎರಡು ತಿಂಗಳ ಸಂಬಳ ಒಂದೇ ಬಿಲ್‌ನಲ್ಲಿ ಹೋಯಿತು. ಜೀವಕ್ಕೇ ಕುತ್ತು ಬಂದ ತುರ್ತು ಸ್ಥಿತಿಯಲ್ಲಿ ವಾರ್ಷಿಕ ಮಿತಿಯವರೆಗೂ ಕ್ಲೇಮ್ ಮಾಡಲು ಅವಕಾಶವಿದೆ. ಅದಕ್ಕೆ ಬಿಪಿ ಎಷ್ಟಿತ್ತು, ಏಕೆ ತಕ್ಷಣ ಆಪರೇಷನ್ ಮಾಡಬೇಕಾಯಿತು ಎಂಬುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಸ್ಪಷ್ಟವಾಗಿ ಇರಬೇಕು. ಹುಟ್ಟಿದ ಮಗುವಿಗೆ ಮೊದಲ 30 ದಿನ ತಾಯಿಯ ಪಾಲಿಸಿಯಲ್ಲೇ ರಕ್ಷಣೆ ಇದೆ. ಅಷ್ಟರೊಳಗೆ ಮಗುವಿನ ಹೆಸರಲ್ಲಿ ಪಾಲಿಸಿ ಆಗದಿದ್ದರೆ, ಎಂಟು ತಿಂಗಳಿಗೇ ಹುಟ್ಟಿ ಎನ್‌ಐಸಿಯುನಲ್ಲಿರುವ ಮಗುವಿನ ಮುಂದಿನ ಪ್ರತಿ ದಿನದ ಬಿಲ್ ಕೈಯಿಂದಲೇ. ಮಿತಿಗಳು ಕಾಲಕಾಲಕ್ಕೆ ಬದಲಾಗುತ್ತವೆ. ಪಾಲಿಸಿ ಕೈಗೆ ಬಂದಾಗ ಟೇಬಲ್ ಆಫ್ ಬೆನಿಫಿಟ್ಸ್ ಎಂಬ ಹಾಳೆಯನ್ನು ಬ್ರೋಕರ್ ಬಾಯಿಮಾತಿಗೆ ಬಿಡದೆ ಓದಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ವಿಮೆಯ ಅರ್ಜಿಯಲ್ಲಿ. "ಮೊದಲೇ ಇರುವ ಕಾಯಿಲೆ ಏನಾದರೂ ಇದೆಯೇ?" ಎಂಬ ಪ್ರಶ್ನೆಗೆ 'ಇಲ್ಲ' ಎಂದು ಟಿಕ್ ಹಾಕಿಸುವವರು ಟೈಪಿಂಗ್ ಸೆಂಟರ್‌ನಲ್ಲೇ ಸಿಗುತ್ತಾರೆ. ಪ್ರೀಮಿಯಂ ಕಡಿಮೆ ಆಗುತ್ತದೆ ಅನ್ನೋದು ನಿಜ. ಆದರೆ ಮುಂದೆ ನೆಫ್ರಾಲಜಿಸ್ಟ್ ತನ್ನ ಟಿಪ್ಪಣಿಯಲ್ಲಿ "ಐದು ವರ್ಷದಿಂದ ಪ್ರೋಟೀನ್ ಹೋಗುತ್ತಿದೆ" ಎಂದು ಒಂದು ಸಾಲು ಬರೆದರೆ ಸಾಕು, ಕ್ಲೇಮ್ ತಿರಸ್ಕರಿಸಲು ವಿಮಾ ಕಂಪನಿಗೆ ಕಾರಣ ಸಿಕ್ಕಿತು. ಕೆಲವರು ಇದಕ್ಕೆ ಹೆದರಿ ವೈದ್ಯರಿಗೂ ಹಳೆ ಕಾಯಿಲೆ ಹೇಳುವುದಿಲ್ಲ. ಆಗ ದುಡ್ಡಿನ ಜೊತೆ ಜೀವವೂ ಪಣಕ್ಕೆ ಬೀಳುತ್ತದೆ.

ದುಬೈನ ಮೂಲ ಪಾಲಿಸಿಗೆ ಮೊದಲ ಬಾರಿ ಸೇರುವವರಿಗೆ ಹಳೆಯ ಮತ್ತು ದೀರ್ಘಕಾಲದ ಕಾಯಿಲೆಗಳ ಚಿಕಿತ್ಸೆ ಆರು ತಿಂಗಳ ನಂತರವೇ ಸಿಗುವುದು, ತುರ್ತು ಬಿಟ್ಟರೆ. ಹೆಂಡತಿ ಜನವರಿಯಲ್ಲಿ ಬಂದು ಫೆಬ್ರವರಿಯಲ್ಲಿ ಬಸಿರಾದರೆ, ಕಿಡ್ನಿ ಡಾಕ್ಟರ ಅಗತ್ಯ ಹೆಚ್ಚಿರುವ ಬಹುಪಾಲು ದಿನ ವಿಮೆ ಇಲ್ಲದೆಯೇ ಕಳೆಯುತ್ತದೆ. ಕಾಯಿಲೆ ಮುಚ್ಚಿಡದೆ ಘೋಷಿಸಿ, ಆರು ತಿಂಗಳು ಕಾದು, ಆಮೇಲೆ ಮಗುವಿನ ಯೋಚನೆ ಮಾಡಿದರೆ ಇದು ತಪ್ಪುತ್ತದೆ. ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭವಲ್ಲ ಅನ್ನೋದೂ ನಿಜ. ಕಂಪನಿ ಅಥವಾ ಪಾಲಿಸಿ ಬದಲಾಯಿಸುವಾಗ ಹಳೆಯ ವಿಮಾ ಕಂಪನಿಯಿಂದ ನಿರಂತರತೆಯ ಪತ್ರ, ಅಂದರೆ ಸರ್ಟಿಫಿಕೇಟ್ ಆಫ್ ಕಂಟಿನ್ಯುಟಿ ಪಡೆದಿಟ್ಟರೆ ಈ ಆರು ತಿಂಗಳು ಮತ್ತೆ ಮೊದಲಿಂದ ಶುರುವಾಗದಂತೆ ವಾದಿಸಬಹುದು. ಮೂಲ ಪಾಲಿಸಿಯಲ್ಲಿ ನೇರವಾಗಿ ತಜ್ಞರ ಹತ್ತಿರ ಹೋಗುವಂತಿಲ್ಲ, ಜಿಪಿ ಬರೆದುಕೊಡಬೇಕು. ಹಾಗಾಗಿ ಮೊದಲ ಭೇಟಿಯಲ್ಲೇ ಊರಿನ ರಿಪೋರ್ಟ್ ತೋರಿಸಿ ರೆಫರಲ್ ಕೇಳಿ ಪಡೆದರೆ ಎರಡು ಮೂರು ವಾರ ಉಳಿಯುತ್ತದೆ.

ವಿಸಿಟ್ ವೀಸಾದಲ್ಲಿ ಬಂದವರ ಪರಿಸ್ಥಿತಿ ಬೇರೆ. ವಿಸಿಟ್ ವೀಸಾ ಜೊತೆ ಬರುವ ವಿಮೆ ಸಾಮಾನ್ಯವಾಗಿ ಅಪಘಾತ, ತುರ್ತು ಸ್ಥಿತಿಗಷ್ಟೇ. ಬಸಿರಿನ ತಪಾಸಣೆ ಅದರಲ್ಲಿ ಇರುವುದಿಲ್ಲ.

ಸೌದಿಯಲ್ಲಿ ಕಂಪನಿ ನೌಕರನ ಜೊತೆ ಅವನ ಇಕಾಮಾದಲ್ಲಿರುವ ಕುಟುಂಬಕ್ಕೂ ವಿಮೆ ಕೊಡಬೇಕು. 2022ರಲ್ಲಿ ಪರಿಷ್ಕರಿಸಿದ ಏಕರೂಪ ಪಾಲಿಸಿಯಲ್ಲಿ ಒಟ್ಟು ಮಿತಿ 10 ಲಕ್ಷ ರಿಯಾಲ್, ಹೆರಿಗೆಗೆ 15,000, ಡಯಾಲಿಸಿಸ್‌ಗೆ 1,80,000, ಕಿಡ್ನಿ ಕಸಿಗೆ 2,50,000 ರಿಯಾಲ್. ದುಬೈನ ಮೂಲ ಪಾಲಿಸಿಗಿಂತ ಇದು ಬಹಳ ಮೇಲು. ಆದರೆ ಅಲ್ಲಿ ಪ್ರತಿ ಅವಲಂಬಿತರಿಗೆ ತಿಂಗಳಿಗೆ 400 ರಿಯಾಲ್ ಲೆವಿ ಇರುವುದರಿಂದ ಕುಟುಂಬವನ್ನೇ ಊರಿಗೆ ಕಳಿಸಿದವರು ತುಂಬಾ.

ಡಯಾಲಿಸಿಸ್‌ನಲ್ಲಿದ್ದಾಗ, ಕಸಿಯ ನಂತರ

ಡಯಾಲಿಸಿಸ್‌ನಲ್ಲಿರುವ ಹೆಂಗಸು ಬಸಿರಾಗುವುದು ಅಪರೂಪ, ಆದರೆ ಆಗುತ್ತದೆ. ಮಾಮೂಲಿ ಡಯಾಲಿಸಿಸ್ ವಾರಕ್ಕೆ ಮೂರು ಸಲ, ನಾಲ್ಕು ಗಂಟೆ, ಒಟ್ಟು 12 ಗಂಟೆ. ಗರ್ಭಿಣಿಗೆ ಇದು ಸಾಲದು. ಕೆನಡಾದ ಟೊರಾಂಟೊ ವೈದ್ಯರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 36 ಗಂಟೆಗಿಂತ ಹೆಚ್ಚು ಡಯಾಲಿಸಿಸ್ ಪಡೆದವರಲ್ಲಿ 85% ಬಸಿರುಗಳಲ್ಲಿ ಜೀವಂತ ಮಗು ಹುಟ್ಟಿತು. 20 ಗಂಟೆ ಅಥವಾ ಅದಕ್ಕಿಂತ ಕಡಿಮೆ ಪಡೆದವರಲ್ಲಿ ಅದು 48%.

ಈ ಅಂಕಿಯನ್ನು ವಿಮೆಯ ಪಕ್ಕ ಇಟ್ಟು ನೋಡಬೇಕು. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸೆಷನ್. ಡಯಾಲಿಸಿಸ್‌ನ ವಾರ್ಷಿಕ ಮಿತಿ ಈ 156ಕ್ಕೆ ಸರಿಹೊಂದುವಂತೆ ಇದ್ದರೆ, ವಾರಕ್ಕೆ ಆರು ಸೆಷನ್ ಬೇಕಾದ ಗರ್ಭಿಣಿಗೆ ಅದು 26 ವಾರಕ್ಕೇ ಖಾಲಿ. ಹೆಚ್ಚುವರಿ ಸೆಷನ್‌ಗೆ ಮೊದಲೇ ಅಪ್ರೂವಲ್ ತೆಗೆದುಕೊಂಡಿಲ್ಲದಿದ್ದರೆ ಕೊನೆಯ ತಿಂಗಳುಗಳಲ್ಲಿ, ಬೇಕೇಬೇಕಾದ ಹೊತ್ತಿನಲ್ಲಿ, ಕೌಂಟರ್‌ನಲ್ಲಿ ನಿಂತು ವಾದ ಮಾಡಬೇಕಾಗುತ್ತದೆ.

ಕಸಿ ಆದವರ ಸ್ಥಿತಿ ಇದಕ್ಕಿಂತ ವಾಸಿ. ಅವಳಿ ಸಹೋದರಿಯಿಂದ 1956ರಲ್ಲಿ ಕಿಡ್ನಿ ಪಡೆದ ಅಮೆರಿಕದ ಈಡಿತ್ ಹೆಲ್ಮ್ 1958ರಲ್ಲಿ ಗಂಡು ಮಗು ಹೆತ್ತದ್ದು ಕಸಿಯ ನಂತರದ ಮೊದಲ ಹೆರಿಗೆ. ಈಗ ಜಗತ್ತಿನಾದ್ಯಂತ ಅಂಥ ಸಾವಿರಾರು ತಾಯಂದಿರಿದ್ದಾರೆ. ಕಸಿಯಾಗಿ ಕನಿಷ್ಠ ಒಂದು ವರ್ಷ ಕಳೆದು, ಕಿಡ್ನಿ ಸ್ಥಿರವಾಗಿ ಕೆಲಸ ಮಾಡುತ್ತಿರಬೇಕು ಎಂಬುದು ತಜ್ಞರ ಸಾಮಾನ್ಯ ಸಲಹೆ. ಬಸಿರಿನಲ್ಲಿ ಟ್ಯಾಕ್ರೊಲಿಮಸ್ ಮದ್ದಿನ ರಕ್ತಮಟ್ಟ ಏರುಪೇರಾಗುವುದರಿಂದ ಪದೇ ಪದೇ ಪರೀಕ್ಷೆ ಬೇಕು. ಆ ಪರೀಕ್ಷೆ ಪಾಲಿಸಿಯ ನೆಟ್‌ವರ್ಕ್ ಲ್ಯಾಬ್‌ನಲ್ಲಿ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಊರಿಗೆ ಹೋಗುವುದಾದರೆ ಯಾವಾಗ?

"ಹೆರಿಗೆ ಊರಲ್ಲೇ ಆಗಲಿ" ಎನ್ನುವುದು ಹೆಚ್ಚಿನ ಮನೆಗಳ ತೀರ್ಮಾನ. ಕಿಡ್ನಿ ಕಾಯಿಲೆಯವಳಿಗೆ ಅದು ಕೆಟ್ಟ ತೀರ್ಮಾನವಲ್ಲ, ಆದರೆ ಏಳನೇ ತಿಂಗಳ ಸೀಮಂತಕ್ಕೆ ಟಿಕೆಟ್ ಬುಕ್ ಮಾಡುವುದು ತಡವಾದೀತು. 28 ವಾರದ ನಂತರ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ, ಬಿಪಿ ಏರಿದ್ದರೆ ವೈದ್ಯರು ಪತ್ರ ಕೊಡದಿರಬಹುದು. ಕಾಯಿಲೆ ಹತೋಟಿಯಲ್ಲಿರುವಾಗಲೇ, 20ರಿಂದ 24ನೇ ವಾರದೊಳಗೆ ಹೊರಡುವುದು ಲೇಸು.

ಯುಎಇ ರೆಸಿಡೆನ್ಸ್ ವೀಸಾ ಇದ್ದವರು 180 ದಿನಕ್ಕಿಂತ ಹೆಚ್ಚು ಹೊರಗೆ ಉಳಿಯುವಂತಿಲ್ಲ. 24ನೇ ವಾರ ಹೊರಟು, 37ನೇ ವಾರ ಹೆರಿಗೆಯಾಗಿ, ಆರು ವಾರದ ಬಾಣಂತನ ಮುಗಿಸಿದರೆ 19 ವಾರ, ಅಂದರೆ 133 ದಿನ. ಉಳಿದ 47 ದಿನದಲ್ಲಿ ಮಗುವಿನ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ ಎಲ್ಲ ಆಗಬೇಕು. ಮಗು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿದರೆ ಲೆಕ್ಕ ತಪ್ಪುತ್ತದೆ. ಆಗ ವೈದ್ಯಕೀಯ ಕಾರಣ ತೋರಿಸಿ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕುವ ದಾರಿ ಇದೆ. ಇಲ್ಲಿನ ಪಾಲಿಸಿ ಊರಿನ ಖರ್ಚು ಕೊಡುತ್ತದೆಯೇ ಎಂಬುದು ಪಾಲಿಸಿಯ 'ಟೆರಿಟರಿ' ಸಾಲಿನಲ್ಲಿ ಬರೆದಿರುತ್ತದೆ. ಮೂಲ ಪಾಲಿಸಿಗಳಲ್ಲಿ ಅದನ್ನು ನಿರೀಕ್ಷಿಸಬೇಕಿಲ್ಲ.

ಊರಲ್ಲಿ ಆಸ್ಪತ್ರೆ ಆಯ್ಕೆ ಮಾಡುವಾಗ ಮನೆ ಹತ್ತಿರದ ನರ್ಸಿಂಗ್ ಹೋಮ್ ಬೇಡ. ಹೆರಿಗೆ ತಜ್ಞರು, ನೆಫ್ರಾಲಜಿಸ್ಟ್, ಎನ್‌ಐಸಿಯು ಮೂರೂ ಒಂದೇ ಕಡೆ ಅಥವಾ ಹತ್ತಿರದಲ್ಲಿ ಇರಬೇಕು. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆಯೂ ಸರ್ಕಾರದ ನೆಫ್ರೊ-ಯುರಾಲಜಿ ಸಂಸ್ಥೆಯೂ ಅಕ್ಕಪಕ್ಕದಲ್ಲೇ ಇವೆ. ಮಂಗಳೂರಿನಲ್ಲಿ ಸರ್ಕಾರಿ ಲೇಡಿಗೋಷನ್ ಮತ್ತು ವೆನ್ಲಾಕ್, ಮಣಿಪಾಲದಲ್ಲಿ ಕಸ್ತೂರ್ಬಾ ಇವೆ. ಊರು ತಲುಪಿದ ವಾರದಲ್ಲೇ ತಾಯಿ ಕಾರ್ಡ್ ಮಾಡಿಸಿದರೆ ಸರ್ಕಾರಿ ಸೌಲಭ್ಯಗಳ ಬಾಗಿಲು ತೆರೆಯುತ್ತದೆ: ಪ್ರತಿ ತಿಂಗಳ 9ರಂದು ವೈದ್ಯರಿಂದ ಉಚಿತ ತಪಾಸಣೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿ ಉಚಿತ ಹೆರಿಗೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ಗರಿಷ್ಠ 1.5 ಲಕ್ಷದವರೆಗೆ ನೆರವಿದೆ.

ದುಡಿಯುವ ಹೆಂಗಸರು, ಮನೆಗೆಲಸದವರು

ಗಲ್ಫ್‌ನ ಆಸ್ಪತ್ರೆಗಳಲ್ಲಿ ದುಡಿಯುವ ಕರಾವಳಿಯ ನರ್ಸ್‌ಗಳಿಗೆ ರಜೆಯ ನಿಯಮ ಗೊತ್ತಿರುತ್ತದೆ, ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ. ಯುಎಇ ಖಾಸಗಿ ವಲಯದಲ್ಲಿ ಹೆರಿಗೆ ರಜೆ 60 ದಿನ, 45 ಪೂರ್ಣ ಸಂಬಳ, 15 ಅರ್ಧ ಸಂಬಳ. ಬಸಿರಿನಿಂದ ಕಾಯಿಲೆಯಾದರೆ ವೈದ್ಯರ ಪತ್ರದ ಮೇಲೆ ಸಂಬಳವಿಲ್ಲದೆ ಇನ್ನೂ 45 ದಿನ ತೆಗೆದುಕೊಳ್ಳಬಹುದು. ಬಸಿರಾದಳು ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಸೌದಿಯಲ್ಲಿ 2025ರ ಫೆಬ್ರವರಿಯಿಂದ ಹೆರಿಗೆ ರಜೆ 12 ವಾರ.

ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಕೆಲಸಕ್ಕೆ ಬಂದವರಿಗೆ ಕಡ್ಡಾಯವಾಗಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಹೆರಿಗೆಗೆ 35,000, ಸಿಸೇರಿಯನ್‌ಗೆ 50,000 ರೂಪಾಯಿ ಹೆರಿಗೆ ನೆರವು ಇದೆ. ಪ್ರೀಮಿಯಂ ಕಟ್ಟಿ ಪಾಲಿಸಿ ಕಾಗದವನ್ನು ಏಜೆಂಟ್ ಹತ್ತಿರವೇ ಬಿಟ್ಟುಬಂದವರು ಅದನ್ನು ಕ್ಲೇಮ್ ಮಾಡುವುದೇ ಇಲ್ಲ. ಕೈಯಲ್ಲಿ ಏನೂ ಇಲ್ಲದೆ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದವರಿಗೆ ಭಾರತೀಯ ದೂತಾವಾಸದ ಮೂಲಕ ಸಮುದಾಯ ಕಲ್ಯಾಣ ನಿಧಿಯಿಂದ ತುರ್ತು ಚಿಕಿತ್ಸೆ, ಊರಿನ ಟಿಕೆಟ್‌ಗೆ ನೆರವು ಕೇಳಬಹುದು. ಯುಎಇಯಲ್ಲಿ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ದೂರವಾಣಿ 800 46342.

ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸುವಾಗಲೂ ಮಗುವಿನ ಜನನ ದಾಖಲೆ ಮಾಡಿಸುವಾಗಲೂ ಮದುವೆ ಪ್ರಮಾಣಪತ್ರ ಕೇಳುವುದುಂಟು. ಮಸೀದಿ, ಚರ್ಚ್, ದೇವಸ್ಥಾನದ ಪತ್ರವಷ್ಟೇ ಸಾಲದು, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪತ್ರ ಬೇಕು. ಸೌದಿ, ಒಮಾನ್, ಬಹ್ರೇನ್‌ಗೆ ಅಪೊಸ್ಟಿಲ್ ಮುದ್ರೆ ನಡೆಯುತ್ತದೆ. ಯುಎಇಗೆ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು. ಇದನ್ನು ಬಸಿರಾದ ಮೇಲೆ ಓಡಾಡಿ ಮಾಡಿಸುವುದಕ್ಕಿಂತ ಮದುವೆಯ ರಜೆಯಲ್ಲೇ ಮುಗಿಸಿ ಬರಬಹುದು.

ಹೆರಿಗೆಯ ನಂತರ

ಮಗು ಮನೆಗೆ ಬಂದ ಮೇಲೆ ತಾಯಿಯ ಕಿಡ್ನಿ ಯಾರಿಗೂ ನೆನಪಿರುವುದಿಲ್ಲ. ಸಿಸೇರಿಯನ್ ಆದವರಿಗೆ ನೋವಿಗೆಂದು ಡೈಕ್ಲೊಫಿನಾಕ್ ಕೊಡುವುದು ಹಲವು ಆಸ್ಪತ್ರೆಗಳಲ್ಲಿ ರೂಢಿ, ಕಿಡ್ನಿ ವಿಷಯ ವಾರ್ಡ್‌ನ ನರ್ಸ್‌ಗೂ ಹೇಳಿರಬೇಕು. ಬಾಣಂತಿ ಲೇಹ್ಯ, ಕಷಾಯ, ಬಾಣಂತಿ ಮದ್ದುಗಳಲ್ಲಿ ಏನೇನು ಬಿದ್ದಿದೆ ಎಂದು ಕೊಡುವವರಿಗೇ ಗೊತ್ತಿರದಿದ್ದರೆ, ಪ್ರೀತಿಯಿಂದ ಕೊಟ್ಟರೂ ಕಿಡ್ನಿ ಡಾಕ್ಟರನ್ನು ಕೇಳದೆ ಕುಡಿಯುವಂತಿಲ್ಲ. ನೀರು ಕಡಿಮೆ ಕುಡಿಸುವ ಬಾಣಂತನದ ಪದ್ಧತಿಯ ಬಗ್ಗೆಯೂ ಅವರನ್ನೇ ಕೇಳಬೇಕು. ಬಸಿರಿನಲ್ಲಿ ನಿಲ್ಲಿಸಿದ್ದ ಮಾತ್ರೆಗಳಲ್ಲಿ ಎನಾಲಾಪ್ರಿಲ್‌ನಂಥ ಕೆಲವನ್ನು ಹಾಲುಣಿಸುವಾಗಲೂ ವೈದ್ಯರು ಮತ್ತೆ ಶುರು ಮಾಡಬಲ್ಲರು.

ಆರು ವಾರಕ್ಕೆ ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಬಿಪಿ ಮೂರನ್ನೂ ನೋಡಿಸಬೇಕು. ಅದೇ ಭೇಟಿಯಲ್ಲಿ ಮುಂದಿನ ಬಸಿರು ಯಾವಾಗ, ಅಲ್ಲಿಯವರೆಗೆ ಏನು ಬಳಸಬೇಕು ಎಂದೂ ಕೇಳಬೇಕು. ಗಲ್ಫ್‌ಗೆ ಮರಳುವಾಗ ಆ ರಿಪೋರ್ಟ್ ಹ್ಯಾಂಡ್‌ಬ್ಯಾಗ್‌ನಲ್ಲೇ ಇರಲಿ, ಮಿಲಿಗ್ರಾಂ ಅಂಕಿಯ ಪಕ್ಕ ಮೈಕ್ರೋಮೋಲ್ ಲೆಕ್ಕವನ್ನೂ ಪೆನ್ನಿನಲ್ಲಿ ಬರೆದು.